ಐದನೆಯ ಮಡುವಿನ ಸಿಳ್ಳೆ

ಒಂದು ಪ್ರಾಣಿಕುಲ ತನ್ನ ದಾರಿಯನ್ನು ಮರೆತಿದ್ದರೆ, ಅದರ ಪೂರ್ವಿಕರ ದನಿಯಲ್ಲಿಯೇ ಕರೆದು ಆ ದಾರಿಯನ್ನು ನೆನಪಿಸಬಹುದೇ? ನಮ್ಮ ಯೋಜನೆಯೆಲ್ಲ ನಿಂತದ್ದು ಈ ಒಂದು ಪ್ರಶ್ನೆಯ ಮೇಲೆ. ಹೌದೆಂದು ಉತ್ತರಿಸಿದವನು ನಾನು. ಉತ್ತರಕ್ಕೆ ಪುರಾವೆಯಾಗಿ ಮೂವತ್ತೆಂಟು ವರ್ಷಗಳ ಹಿಂದಿನ ಒಂದು ಟೇಪನ್ನು ಕೊಟ್ಟವನೂ ನಾನೇ.

ತುಂಗಭದ್ರೆಯ ಕಣಿವೆಯ ಆ ಭಾಗದಲ್ಲಿ ಒಂಬತ್ತು ಮಡುಗಳು ಉಳಿದಿದ್ದವು. ಹೊಳೆ ಬತ್ತಿದರೂ ಬಂಡೆಗಳ ನಡುವಿನ ಆಳದಲ್ಲಿ ನಿಲ್ಲುವ ನೀರು ಮಡು. ಹಿಂದೆ ಒಂದರಿಂದ ಇನ್ನೊಂದಕ್ಕೆ ಜವುಗುನೆಲ ಹಬ್ಬಿತ್ತು. ಜೊಂಡಿನ ಮರೆಯಲ್ಲಿ ಜೀವಗಳು ಬೇಸಿಗೆಯಿಂದ ಬೇಸಿಗೆಗೆ ಮೇಲಕ್ಕೂ ಕೆಳಕ್ಕೂ ನಡೆದಾಡುತ್ತಿದ್ದವು. ಆಮೇಲೆ ಜವುಗು ಗದ್ದೆಯಾಯಿತು, ಗದ್ದೆ ಇಟ್ಟಿಗೆಭಟ್ಟಿಯಾಯಿತು, ಭಟ್ಟಿಯ ಪಕ್ಕದಲ್ಲಿ ರಸ್ತೆ ಬಂತು. ಒಂದೊಂದು ಮಡುವೂ ನೆಲದಿಂದ ಸುತ್ತುವರಿದ ದ್ವೀಪವಾಯಿತು.

ಎಂಟು ವರ್ಷ ದುಡಿದು ನಾವು ಆ ನೆಲವನ್ನು ಮರಳಿ ತೋಯಿಸಿದ್ದೆವು. ಭಟ್ಟಿಯ ಗುಂಡಿಗಳಿಗೆ ನೀರು ಬಿಟ್ಟೆವು, ಜೊಂಡು ನೆಟ್ಟೆವು, ಮೀನುಗಾರಿಕೆಯನ್ನು ನಿಲ್ಲಿಸಿದೆವು, ಮಡುವಿನಿಂದ ಮಡುವಿಗೆ ತೆಳುವಾದ ಕಾಲುವೆಗಳನ್ನು ಹೊಲಿಗೆಯಂತೆ ಹಾಕಿದೆವು. ಆಮೆಗಳು ಬಂದವು. ಬಾಳೆಮೀನು ಬಂತು. ನೀಲಿ ಜಂಬುಕೋಳಿಗಳು ಯಾರ ಅನುಮತಿಯನ್ನೂ ಕೇಳದೆ ಸಂಸಾರ ಹೂಡಿದವು. ಬಾರದೆ ಉಳಿದದ್ದು ನೀರುನಾಯಿ ಮಾತ್ರ.

ನಾಲ್ಕನೆಯ ಮಡುವಿನಲ್ಲಿ ಹನ್ನೊಂದು ನೀರುನಾಯಿಗಳಿದ್ದವು. ಕಣಿವೆಯಲ್ಲಿ ಉಳಿದದ್ದೇ ಅಷ್ಟು. ಆ ಮಡು ಆ ವರ್ಷ ದಿನಕ್ಕೆ ನಾಲ್ಕು ಬೆರಳು ಇಳಿಯುತ್ತಿತ್ತು. ಮೇ ತಿಂಗಳ ನಡುವಿಗೆ ಕೆಸರಾಗುವುದು ಖಚಿತ. ಮೇಲಿನ ಐದನೆಯ ಮಡುವಿನಲ್ಲಿ ವರ್ಷವಿಡೀ ನೀರು. ಎರಡರ ನಡುವೆ ರಸ್ತೆಯ ಕೆಳಗೆ ಹಾಯುವ ಒಂದು ಕಾಲುವೆ, ಅದರ ಬಾಯಿಗೆ ಹಲಗೆಯ ಬಾಗಿಲು. ನೀರು ಅಮೂಲ್ಯವಾದ್ದರಿಂದ ಬೆಳಿಗ್ಗೆ ಒಂದು ಗಂಟೆ ಮಾತ್ರ ಹಲಗೆ ತೆಗೆದು ಹರಿಸುತ್ತಿದ್ದೆವು. ಆ ಒಂದು ಗಂಟೆ, ಬಾಗಿಲ ಪಕ್ಕದಲ್ಲಿ ನೆಟ್ಟ, ಧ್ವನಿವರ್ಧಕ ಹೊತ್ತ ಕರೆಗಂಬವೂ ಕೂಗುತ್ತಿತ್ತು.

ಕರೆಗಂಬ ನಮ್ಮ ಹೆಮ್ಮೆ. ಪ್ರತಿ ಕಣಿವೆಯ ನೀರುನಾಯಿಗೂ ತನ್ನದೇ ಒಂದು ಸಿಳ್ಳೆಯ ಧಾಟಿ ಇರುತ್ತದೆ. ತಾಯಿ ಮರಿಗೆ ಕಲಿಸುತ್ತದೆ, ಮರಿ ತನ್ನ ಮರಿಗೆ. ಹಳೆಯ ಧ್ವನಿಮುದ್ರಣದಿಂದ ಆ ಧಾಟಿಯನ್ನು ಕಲಿತು, ಗಾಳಿಗೂ ನೀರಿಗೂ ತಕ್ಕಂತೆ ಏರಿಳಿಸಿ, ಕಂಬ ಅದನ್ನು ಮರಳಿ ಉಸುರುತ್ತಿತ್ತು. ಈ ಕಣಿವೆಯ ಮುದ್ರಣ ಜಗತ್ತಿನಲ್ಲಿ ಇದ್ದದ್ದು ಒಂದೇ. ಮಾರ್ಗಶಿರದ ಮಂಜಿನಲ್ಲಿ, ಆಚೆಯ ದಡದಿಂದ ತೇಲಿಬಂದ ಒಂದು ನೀಳವಾದ ಸಿಳ್ಳೆ. ನನ್ನ ಮೂವತ್ತಮೂರರ ವಯಸ್ಸಿನ ಕೈಬರಹ ಅದರ ಮೇಲಿತ್ತು: ‘ನೀರುನಾಯಿ. ಗಂಡು. ಕರೆ. ಸಿಳ್ಳೆಯ ಬೆನ್ನಿಗೇ ಗುಂಪು ಚಲಿಸಿತು.’

“ಬಂದವು ಸರ್,” ಎಂದಳು ನಫೀಸಾ. ಹೊಸಪೇಟೆಯ ಹುಡುಗಿ, ಮೂವತ್ತೆಂಟಕ್ಕೇ ಯೋಜನೆಯ ಮುಖ್ಯಸ್ಥೆ. ನಿಯಂತ್ರಣ ಕೊಠಡಿಯ ಪರದೆಯಲ್ಲಿ ಕಾಲುವೆಯ ಬಾಯಿ ಬೂದುಬಣ್ಣದಲ್ಲಿ ಬೆಳಗುತ್ತಿತ್ತು. ನೀರಿನ ಮೇಲೆ ಒಂದೊಂದಾಗಿ ಹನ್ನೊಂದು ತಲೆಗಳು. ಮುಂದೆ ಮೂತಿ ನರೆತ ಮುದಿ ಹೆಣ್ಣು; ಹಿರಿಯಕ್ಕ ಎಂದು ನಾವು ಅದಕ್ಕೆ ಹೆಸರಿಟ್ಟಿದ್ದೆವು.

ಕಂಬ ಸಿಳ್ಳೆ ಹಾಕಿತು. ಹಿರಿಯಕ್ಕ ತಲೆಯೆತ್ತಿ ಆಲಿಸಿತು. ಮರುಕ್ಷಣ ಹನ್ನೊಂದು ತಲೆಗಳೂ ತಿರುಗಿ, ಬಂದ ದಾರಿಯಲ್ಲಿ ಮಾಯವಾದವು.

“ಹತ್ತೊಂಬತ್ತನೇ ದಿನ,” ಎಂದು ನಫೀಸಾ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡಳು. “ಕೇಳ್ತಾವೆ, ಹೋಗ್ತಾವೆ. ಮದುವೆಗೆ ಬಂದು ಊಟ ಮಾಡದೆ ಹೋಗೋ ಬೀಗರ ಹಂಗೆ.”

“ದನಿ ಸಾಲದೇನೋ.”

“ನಿನ್ನೆ ತಾನೆ ಹೆಚ್ಚು ಮಾಡಿದೀವಿ, ಸರ್. ನಿನ್ನೆ ಇನ್ನೂ ಬೇಗ ಹೋದವು.” ಅವಳು ಸಿಳ್ಳೆಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿದಳು. “ಈ ಕೊನೆ ನೋಡಿ. ಇಲ್ಲಿ ಗಾಳಿ ಸೋರಿದ ಹಂಗೈತಿ. ಬೇರೆ ಯಾವ ಕಣಿವೆ ನೀರುನಾಯೀಲೂ ಇದು ಇಲ್ಲ. ನಿಮಗೆ ಖಾತ್ರಿ ಇದೆಯಾ?”

“ಅದು ಟೇಪಿನ ಸವೆತ. ನಾನು ಕಿವಿಯಾರೆ ಕೇಳಿದ್ದು, ನಫೀಸಾ.”

ಅವಳು ಚಿತ್ರವನ್ನು ಮತ್ತೆ ಕಿರಿದಾಗಿಸಿದಳು. ಎಪ್ಪತ್ತೊಂದರ ವಯಸ್ಸಿಗೆ ಜನ ತೋರುವ ಮರ್ಯಾದೆ ಎಷ್ಟು ಅಪಾಯಕಾರಿಯೆಂದು ನನಗೆ ಆಗ ತಿಳಿಯಲಿಲ್ಲ.

ಬಾಗಿಲ ಹಲಗೆಗಳನ್ನು ತೆಗೆದು ಹಾಕುವವಳು ಹುಲಿಗೆವ್ವ. ಮೊದಲು ಅಲ್ಲಿ ಯಂತ್ರದ ಬಾಗಿಲಿತ್ತು. ಬಸವನಹುಳುಗಳು ಅದರ ಸಂದುಗಳಿಗೆ ಕಚ್ಚಿಕೊಂಡು ಮೂರು ತಿಂಗಳಲ್ಲಿ ಅದನ್ನು ನಿಲ್ಲಿಸಿಬಿಟ್ಟವು. ಆಗ ಊರಿನ ಹಳೆಯ ಪದ್ಧತಿಯಂತೆ ನೀರಗಂಟಿಯನ್ನು ನೇಮಿಸಿದೆವು. ಕೆರೆಯ ತೂಬು ತೆರೆದು ಯಾರ ಹೊಲಕ್ಕೆ ಎಷ್ಟು ನೀರೆಂದು ನೋಡಿಕೊಳ್ಳುವ ಆ ಕೆಲಸ ಎಂದಿಗೂ ಗಂಡಸರದೇ. ಅಂಬಿಗರ ಓಣಿಯಿಂದ ಈಕೆ ಬಂದು, “ಹಲಗಿಗೆ ಗಂಡ್ಸು ಹೆಂಗ್ಸು ಗೊತ್ತಾಗತೈತೇನ್ರೀ?” ಎಂದು ಕೇಳಿದಳು. ಕೆಲಸ ಕೊಟ್ಟೆವು. ವಯಸ್ಸು ಅರವತ್ತನಾಲ್ಕು. ಇಪ್ಪತ್ತೆರಡು ವರ್ಷಗಳ ಹಿಂದೆ, ಹೊಳೆ ಒಮ್ಮೆಲೇ ಏರಿದ ಒಂದು ಶ್ರಾವಣದಲ್ಲಿ, ಅವಳ ಗಂಡ ಗಾಳೆಪ್ಪ ಹರಿಗೋಲಿನೊಂದಿಗೆ ಹೋದವನು ಮರಳಲಿಲ್ಲ. ಹರಿಗೋಲು ಎಂಟು ಮೈಲಿ ಕೆಳಗೆ ಸಿಕ್ಕಿತು. ಅವನು ಸಿಗಲಿಲ್ಲ.

ನನ್ನ ಮಧ್ಯಾಹ್ನದ ಊಟ ಅವಳ ಮನೆಯಲ್ಲಿಯೇ. ಊರವರ ಬಾಯಲ್ಲಿ ನಾನು ಇಂದಿಗೂ ‘ಟೇಪ್ ಸಾಹೇಬ್ರು’. ಆ ದಿನ ಸೊಸೆ ಈರಮ್ಮ ಬಿಸಿ ರೊಟ್ಟಿಯನ್ನು ತಟ್ಟೆಗೆ ಎಸೆದು, ಪುಂಡಿಪಲ್ಯ ಬಡಿಸುತ್ತ, ಅತ್ತೆಯನ್ನು ಓರೆಗಣ್ಣಿನಿಂದ ನೋಡಿ ನಕ್ಕಳು.

“ಸಾಹೇಬ್ರ, ನಮ್ಮತ್ತಿಗೆ ಸರ್ಕಾರದವ್ರು ಏನ್ ಮದ್ದ ಹಾಕೀರ್ರೀ? ಗೇಟಿನ ಕೆಲಸಕ್ಕ ಹೋಗಾಕ ಇಳಕಲ್ ಸೀರಿ ಉಡ್ತಾಳ. ತಲಿಗೆ ಎಣ್ಣಿ, ಬಾಚಣಿಕಿ. ನಾ ಮದಿವ್ಯಾಗ ಬಂದಾಗ್ಲೂ ಇಷ್ಟ ಚೆಂದ ಆಗಿರ್ಲಿಲ್ಲ.”

“ಬಾಯಿ ಮುಚ್ಚ, ಭಾಡ್ಕೊ. ರೊಟ್ಟಿ ಹೊತ್ತತೈತಿ.”

“ಹೊತ್ತಲಿ ಬಿಡು. ಮದ್ಲ ಐದಕ್ಕ ಎಬ್ಬಿಸಿದ್ರ ಮೈ ನೋವು ಅಂತಿದ್ದಿ. ಈಗ ನಾಕಕ್ಕ ಎದ್ದ ಕುಂದರ್ತಿ. ಆ ನೀರ್ನಾಯಿಗೋಳು ನಿನ್ನ ನೋಡಾಕ ಬರ್ತಾವೇನು?”

“ಬರ್ತಾವ. ನಿನಗ್ಯಾಕ ಹೊಟ್ಟಿಕಿಚ್ಚು?”

ಇಬ್ಬರೂ ನಕ್ಕರು. ನಾನೂ ನಕ್ಕೆ. ಹುಲಿಗೆವ್ವನ ನಗು ಮಾತ್ರ ಸ್ವಲ್ಪ ತಡವಾಗಿ ನಿಂತಿತು. ಎಲ್ಲಿಗೋ ಹೋಗಿ ಬಂದಂತೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ನಾನೂ ಬಾಗಿಲ ಬಳಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕುಳಿತಿದ್ದಳು. ಹಲಗೆಗಳನ್ನು ತೆಗೆದಾಗಿತ್ತು. ಐದನೆಯ ಮಡುವಿನ ನೀರು ಕತ್ತಲೆಯಿಂದ ಕಳಚಿಕೊಳ್ಳುತ್ತ ಕಾಲುವೆಗಿಳಿಯುತ್ತಿತ್ತು.

ಕಂಬದ ಬಾಯಿ ಮಡುವಿನ ಕಡೆಗಿತ್ತು. ಸಿಳ್ಳೆ ಎದ್ದು ನೀರಿನ ಮೇಲೆ ಜಾರಿ, ಆಚೆಯ ಬಂಡೆಗಳಿಗೆ ತಾಗಿ, ಅಲ್ಲಿಂದಲೇ ಹುಟ್ಟಿದಂತೆ ಮರಳಿ ಬಂತು. ಹುಲಿಗೆವ್ವ ಕಣ್ಣು ಮುಚ್ಚಲಿಲ್ಲ. ಆಚೆಯ ದಡವನ್ನೇ ನೋಡಿದಳು. ಒಂದು ಕೈ ಸೆರಗನ್ನು ಹೆಗಲ ಮೇಲೆ ಸರಿಪಡಿಸಿಕೊಂಡಿತು. ನಮ್ಮ ಬೆನ್ನ ಹಿಂದೆ ಕಾಲುವೆಯಲ್ಲಿ ನೀರು ಕಲಕಿದ ಸದ್ದಾಯಿತು, ದೂರವಾಯಿತು; ಗುಂಪು ಬಂದು ಹಿಂತಿರುಗಿತ್ತು. ಅವಳು ಅತ್ತ ನೋಡಲೂ ಇಲ್ಲ.

“ಇದನ್ನ ಎಲ್ಲಿ ಹಿಡದಿದ್ರಿ, ಸಾಹೇಬ್ರ?”

“ಇಲ್ಲೇ, ಹುಲಿಗೆವ್ವ. ಈ ಕಡೆ ಡೇರೆ ಹಾಕಿದ್ದೆ. ಮಂಜಿತ್ತು. ಆಚೆ ದಡದಿಂದ ಕೇಳಿತು.”

“ಯಾರದಂತ ಬರದೀರಿ?”

“ನೀರುನಾಯಿಯದು. ಗಂಡು ನೀರುನಾಯಿ.”

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಗಂಡಂತೂ ಹೌದ್ ಬಿಡ್ರಿ.”

ಹಳ್ಳಿಯ ಹೆಂಗಸಿನ ಹಾಸ್ಯವೆಂದು ನಾನು ಅದನ್ನು ಅಲ್ಲಿಗೇ ಬಿಟ್ಟೆ. ಬದುಕಿಡೀ ಕೇಳುವುದನ್ನೇ ವೃತ್ತಿ ಮಾಡಿಕೊಂಡವನು ನಾನು.

ಮೇ ಆರರಂದು ಅರಣ್ಯ ಇಲಾಖೆಯ ಎರಡು ಲಾರಿಗಳು ಬಂದು ನಿಯಂತ್ರಣ ಕೊಠಡಿಯ ಮುಂದೆ ನಿಂತವು. ಒಂದರಲ್ಲಿ ಕಬ್ಬಿಣದ ಪಂಜರಗಳು, ಇನ್ನೊಂದರಲ್ಲಿ ಸುತ್ತಿಟ್ಟ ಬಲೆಗಳು. ಮೇ ಹತ್ತರ ಒಳಗೆ ಗುಂಪು ತಾನಾಗಿ ದಾಟದಿದ್ದರೆ ನಾಲ್ಕನೆಯ ಮಡುವಿಗೆ ಬಲೆ ಬಿಟ್ಟು ಹಿಡಿಯುವುದು, ದೂರದ ಪ್ರಾಣಿಸಂಗ್ರಹಾಲಯಕ್ಕೆ ಸಾಗಿಸುವುದು ಎಂದು ನಿರ್ಧಾರವಾಗಿತ್ತು. ನಫೀಸಾ ವಾದಿಸಿ ಸೋತಿದ್ದಳು. ಹಿಡಿಯುವಾಗ ಮೂರೋ ನಾಲ್ಕೋ ಸಾಯುತ್ತವೆ. ಬದುಕಿದವು ಸಿಮೆಂಟಿನ ತೊಟ್ಟಿಯಲ್ಲಿ ಮುದಿಯಾಗುತ್ತವೆ. ಕಣಿವೆಗೆ ನಾವು ಹಾಕಿದ ಹೊಲಿಗೆಯಲ್ಲಿ ನೀರು ಹರಿಯುತ್ತದೆ, ಹಾಯುವವರಿರುವುದಿಲ್ಲ.

ಮಧ್ಯಾಹ್ನ ಹುಲಿಗೆವ್ವ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಬಂದು ನಿಂತಳು. ಎಂದೂ ಒಳಗೆ ಬಂದವಳಲ್ಲ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲಿನ ತಂತಿಗಳನ್ನು ಹುತ್ತದ ಬಳಿ ನಡೆಯುವವಳಂತೆ ದಾಟಿ ಬಂದಳು.

“ಆ ಬಲಿ ಯಾರಿಗ್ರಿ, ಮೇಡಮ್ಮಾರ?”

ನಫೀಸಾ ಅವಳಿಗೆ ಕುರ್ಚಿ ಸರಿಸಿ, ಎಲ್ಲವನ್ನೂ ಹೇಳಿದಳು. ಹುಲಿಗೆವ್ವ ಕೂರಲಿಲ್ಲ.

“ನೀರ್ನಾಯಿಗೆ ಬಲಿ,” ಎಂದಳು, ತನಗೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಕಡೆ ತಿರುಗಿದಳು. “ಸಾಹೇಬ್ರ, ಅದು ನೀರ್ನಾಯಿ ಸಿಳ್ಳಿ ಅಲ್ರಿ. ನಮ್ಮವ್ರ ಸಿಳ್ಳಿ.”

ಗಂಡನ ಹೆಸರನ್ನು ಅವಳು ಹೇಳುವವಳಲ್ಲ.

“ಯಾರ...” ಎಂದಳು ನಫೀಸಾ.

“ನಮ್ಮನಿಯವ್ರುದು. ಬಲಿ ಬೀಸೂಕಿಂತ ಮದ್ಲ ಅಂಬಿಗ್ರೆಲ್ಲಾ ಹಾಕ್ತಿದ್ರು. ನೀರ್ನಾಯಿ ಬಲಿಗೆ ಸಿಕ್ರ ಅದಕ್ಕೂ ಜೀವ ಹೋಕ್ಕೈತಿ, ಬಲೀನೂ ಹರಿತೈತಿ. ಅದಕ್ಕ ಸಿಳ್ಳಿ. ‘ಬಲಿ ಬಿಡ್ತೀನಿ, ದೂರ ಸರೀರವ್ವಾ’ ಅಂತ. ಕೇಳಿದ್ಕೂಡ್ಲೆ ಸರೀತಿದ್ವು. ಮರಿಗೋಳ್ನ ಬಾಯಾಗ ಕಚ್ಕಂಡು ಸರೀತಿದ್ವು.”

“ಇದು ಅವರದೇ ಎಂದು ಹೇಗೆ ಹೇಳುತ್ತೀ?” ನಾನು ಕೇಳಿದೆ.

“ಕಡೀಕ ಗಾಳಿ ಸೋರತೈತಲ್ರಿ. ಹರಿಗೋಲಿನ ಹುಟ್ಟು ಬಡದು ಮುಂದಿನ ಹಲ್ಲು ಮುರಿದಿತ್ತು. ಮದಿವಿಯಾದ ವರ್ಷ. ಅದಕ್ಕ ಎಲ್ಲಾರೂ ಕಾಡಸ್ತಿದ್ರು, ನಿನ್ನ ಸಿಳ್ಳಿ ತೂತು ಬಿದ್ದೈತಲೇ ಅಂತ.”

ನಫೀಸಾ ನನ್ನತ್ತ ನೋಡಲಿಲ್ಲ. ಅದು ಅವಳ ದೊಡ್ಡತನ. ಮೂವತ್ತೆಂಟು ವರ್ಷಗಳ ಮಂಜು ನನ್ನ ಕಣ್ಣೆದುರಿನಿಂದ ಸರಿಯಿತು. ಅಂದು ನೀರಿನಲ್ಲಿ ತಲೆಗಳು ಚಲಿಸಿದ್ದನ್ನು ನಾನು ಕಂಡಿದ್ದೆ. ಯಾವ ದಿಕ್ಕಿಗೆಂಬುದನ್ನು ಕಂಡಿರಲಿಲ್ಲ. ಕರೆಯೆಂದು ಬರೆದೆ, ಯಾರನ್ನಾದರೂ ಯಾರಾದರೂ ಕರೆಯುತ್ತಿರಬೇಕೆಂದು ಆ ವಯಸ್ಸಿನಲ್ಲಿ ನನಗೆ ಅಷ್ಟೊಂದು ಆಸೆಯಿತ್ತು. ಎಂಟು ವರ್ಷಗಳ ಹಿಂದಿನವರೆಗೂ ಈ ಹೊಳೆಯಲ್ಲಿ ಬಲೆ ಬಿದ್ದಿತ್ತು, ಸಿಳ್ಳೆ ಕೇಳಿತ್ತು. ಹಿರಿಯಕ್ಕನಿಗೆ ಅದು ನೆನಪಿತ್ತು. ಉಳಿದವಕ್ಕೆ ಅದು ಕಲಿಸಿತ್ತು. ನಾವು ಪ್ರತಿ ಬೆಳಿಗ್ಗೆ ಬಾಗಿಲು ತೆರೆದಿಟ್ಟು, ದೂರ ಹೋಗಿರೆಂದು ಕೂಗಿದ್ದೆವು. ಅವು ಹೋದಾಗ ಇನ್ನಷ್ಟು ಗಟ್ಟಿಯಾಗಿ ಕೂಗಿದ್ದೆವು.

“ಅಮ್ಮಾ, ಇದು ನಿಮಗೆ ಯಾವಾಗ ಗೊತ್ತಾಯಿತು?” ನಫೀಸಾ ಮೆಲ್ಲಗೆ ಕೇಳಿದಳು.

“ಮದಲ್ನೇ ದಿನಾನ.”

“ಇಪ್ಪತ್ತಮೂರು ದಿನ...”

“ಹೇಳಿದ್ರ ನಿಲ್ಲಸ್ತಿದ್ರಲ್ರಿ.” ಅವಳು ಮೇಜಿನ ಅಂಚನ್ನು ಹಿಡಿದುಕೊಂಡಳು. “ಇವತ್ತ ಹೇಳೂಣು, ನಾಳಿ ಹೇಳೂಣು ಅಂದ್ಕಂಡೆ. ಮುಂಜಾನಿ ಎದ್ರ, ಇನ್ನೊಂದ್ ಸಲ ಕೇಳಿ ಹೇಳೂಣು ಅನಸ್ತಿತ್ತು. ಆ ಮೂಕ ಪ್ರಾಣಿಗೋಳು ಬಂದು ಹೊಳ್ಳಿ ಹೋಗೂದ ನನಗ ಕಾಣ್ತಿತ್ತು. ಕಂಡ್ರೂ ಸುಮ್ಕ ಕುಂತೆ. ತಪ್ಪಾತ್ರಿ.” ಕಿಟಕಿಯಾಚೆಯ ಲಾರಿಯ ಕಡೆ ಕೈ ತೋರಿಸಿದಳು. “ಆದ್ರ ಅದನ್ನ ನೋಡಿ ತಡಕಣಾಕ ಆಗಲಿಲ್ಲ. ಅಷ್ಟ್ ವರ್ಷ ಹೊಳ್ಯಾಗ ಬಲಿ ಬೀಸಿದ್ರು, ಒಂದ ನೀರ್ನಾಯೀನೂ ಸಿಗಗೊಡಲಿಲ್ಲ ಅವ್ರು. ಈಗ ಅವ್ರ ಸಿಳ್ಳಿಯಿಂದ್ಲ ಎಲ್ಲಾ ಬಲಿಗೆ ಬಿದ್ರ, ನಾನು ಯಾವ ಮುಖ ಹೊತ್ಕಂಡು ಹೊಳಿಗೆ ಹೋಗ್ಲಿ?”

ನಫೀಸಾ ಎದ್ದು ಅವಳ ಕೈ ಹಿಡಿದಳು. ನಾನು ಯಂತ್ರದ ಮುಂದೆ ಕುಳಿತು, ಕಡತದಲ್ಲಿ ನನ್ನ ಬರಹವನ್ನು ಅಳಿಸಿ, ‘ಗಾಳೆಪ್ಪ, ಅಂಬಿಗ. ಎಚ್ಚರಿಕೆ’ ಎಂದು ಬರೆದೆ. ಮೂರು ಪದಗಳಿಗೆ ಬಹಳ ಹೊತ್ತು ಹಿಡಿಯಿತು.

ಕಂಬವನ್ನು ನಿಲ್ಲಿಸುವುದೆಂದು ತೀರ್ಮಾನವಾಯಿತು. ನೀರು ಮಾತ್ರ ಹರಿಯಲಿ. ಮೀನಿನ ವಾಸನೆ ಅದರಲ್ಲಿದೆ, ದಾರಿಯೂ ಅದರಲ್ಲಿದೆ.

ಹುಲಿಗೆವ್ವ ಹೊರಟಾಗ ನಾನು ಹಿಂದೆಯೇ ಅಂಗಳಕ್ಕೆ ಹೋದೆ. “ಹುಲಿಗೆವ್ವ, ಆ ಸಿಳ್ಳೆಯನ್ನು ನಿನ್ನ ಫೋನಿಗೆ ಹಾಕಿಕೊಡುತ್ತೇನೆ. ನಿನ್ನದು ಅದು. ಬೇಕಾದಾಗಲೆಲ್ಲ ಕೇಳಬಹುದು.”

ಅವಳು ಚಪ್ಪಲಿಯಲ್ಲಿ ಕಾಲು ತೂರಿಸುತ್ತ ನಿಂತಳು. ಆಸೆಪಟ್ಟಳೆಂದೇ ನನಗೆ ತೋರಿತು. ಆಮೇಲೆ ತಲೆಯಾಡಿಸಿದಳು.

“ಬ್ಯಾಡ್ರಿ.”

“ಯಾಕೆ?”

“ಡಬ್ಬ್ಯಾಗಿಂದ ಬಂದ್ರ ಅದು ಸಿಳ್ಳಿ ಅಷ್ಟ. ಹೊಳಿಯಿಂದ ಬಂದ್ರ ಅವ್ರು.” ಎರಡು ಹೆಜ್ಜೆ ಹೋಗಿ ಮತ್ತೆ ನಿಂತಳು. “ಮತ್ತ, ಅದು ದೂರ ಸರಿ ಅನ್ನೋ ಸಿಳ್ಳಿ ಅಲ್ಲೇನ್ರಿ? ಅದನ್ನ ಮನ್ಯಾಗ ಇಟ್ಕಂಡು ಏನ್ ಮಾಡ್ಲಿ?”

ಮೇ ಏಳು. ಬೆಳಕು ಬರುವ ಮೊದಲೇ ನಾನು ಕಟ್ಟೆಯ ಮೇಲಿದ್ದೆ. ಹುಲಿಗೆವ್ವ ಬಂದು, ಸೊಂಟಕ್ಕೆ ಸೆರಗು ಬಿಗಿದು, ಹಲಗೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು. ನೀರು ಇಳಿಯಿತು. ಕಂಬ ಸುಮ್ಮನೆ ನಿಂತಿತ್ತು. ಕೂಗಬೇಕಾದ ನಿಮಿಷ ಬಂತು, ಹೋಯಿತು. ಆ ನಿಮಿಷದಲ್ಲಿ ಅವಳು ಕಾಲುವೆಗೆ ಬೆನ್ನು ಮಾಡಿ ಆಚೆಯ ದಡವನ್ನು ನೋಡುತ್ತಿದ್ದಳು. ಇಪ್ಪತ್ತಮೂರು ದಿನ ಅಲ್ಲಿ ಒಬ್ಬ ನಿಂತಿದ್ದ. ಇಂದು ಬಂಡೆಗಳಿದ್ದವು, ಬಂಡೆಗಳ ಮೇಲೆ ನೀರಿನ ಗೆರೆಯಿತ್ತು.

“ಬಂದವು,” ಎಂದು ಕಿವಿಯಲ್ಲಿನ ಯಂತ್ರದಲ್ಲಿ ನಫೀಸಾ ಪಿಸುಗುಟ್ಟಿದಳು. “ಸರ್, ಅಲ್ಲಾಡಬೇಡಿ.”

ಕಾಲುವೆಯ ಕತ್ತಲೆಯಲ್ಲಿ ಒಂದು ನರೆತ ಮೂತಿ. ಹಿರಿಯಕ್ಕ ಕರೆಗಂಬದ ಬುಡಕ್ಕೆ ಬಂದು ನಿಂತಿತು. ತಲೆಯೆತ್ತಿ ಕಾದಿತು. ಕೇಳಲೇಬೇಕಾದದ್ದು ಕೇಳಿಸದಿದ್ದಾಗ ಜೀವ ಹೇಗೆ ಕಾಯುತ್ತದೆಯೋ ಹಾಗೆ. ಇನ್ನೂ ತುಸು ಮುಂದೆ ಬಂತು, ಮತ್ತೆ ನಿಂತಿತು. ಅದರ ಹಿಂದೆ ಹತ್ತು ತಲೆಗಳು, ಉಸಿರು ಬಿಗಿಹಿಡಿದಂತೆ. ಹುಲಿಗೆವ್ವ ಈಗ ತಿರುಗಿ ನೋಡಿದಳು.

ಹಿರಿಯಕ್ಕ ಹೊಸ್ತಿಲನ್ನು ದಾಟಿತು. ನಯವಾದ ಬೆನ್ನೊಂದು ಐದನೆಯ ಮಡುವಿನ ನೀರಿನಲ್ಲಿ ಮಡಿಸಿ ಬಿಚ್ಚಿಕೊಂಡಿತು. ಸ್ವಲ್ಪ ದೂರ ಹೋಗಿ ಅದು ಹಿಂತಿರುಗಿ ಕೂಗಿತು. ಚಿಕ್ಕದಾದ, ಒರಟಾದ, ಎರಡು ಮುರುಕು ದನಿ. ನೂರು ವರ್ಷ ಕೇಳಿದ್ದರೂ ಅದನ್ನು ಸಿಳ್ಳೆಯೆಂದು ನಾನು ಬರೆಯುತ್ತಿರಲಿಲ್ಲ. ಕರೆ ಎಂದರೆ ಅದೇ. ಹತ್ತೂ ಒಂದರ ಹಿಂದೊಂದು ನುಗ್ಗಿದವು. ಕೊನೆಯ ಮರಿ ಹಲಗೆಗೆ ಎಡವಿ, ಉರುಳಿ, ನೀರಿಗೆ ಬಿತ್ತು.

“ಹನ್ನೊಂದೂ ಸರ್! ಹನ್ನೊಂದೂ!” ನಫೀಸಾ ಅಳುತ್ತಿದ್ದಳು, ನಗುತ್ತಿದ್ದಳು. “ಆ ಕೂಗು ಸಿಕ್ಕಿತು. ಈ ಸಲ ನಿಜವಾದದ್ದು.”

ನಾನು ಕಿವಿಯಿಂದ ಯಂತ್ರವನ್ನು ತೆಗೆದೆ. ಹುಲಿಗೆವ್ವ ಮಡುವಿನ ನಡುವೆ ಅಗಲವಾಗುತ್ತಿದ್ದ ಹನ್ನೊಂದು ಗೆರೆಗಳನ್ನು ನೋಡುತ್ತ ನಿಂತಿದ್ದಳು.

“ಬಲಿ ಬೀಸೋರು ಇಲ್ಲ ಅಂತ ಅವಕ್ಕ ಇವತ್ತ ಗೊತ್ತಾತು ನೋಡ್ರಿ,” ಎಂದಳು. ಬಗ್ಗಿ ಮೊದಲ ಹಲಗೆಯನ್ನು ಎತ್ತಿಕೊಂಡಳು. “ಇಪ್ಪತ್ತೆರಡು ವರ್ಷ ಆತು. ಇನ್ನ ನಾನೂ ತಿಳಕಂಬೇಕು.”

ಹಲಗೆಯ ಇನ್ನೊಂದು ತುದಿಯನ್ನು ನಾನು ಹಿಡಿದೆ. ಭಾರವಾಗಿತ್ತು, ಒದ್ದೆಯಾಗಿತ್ತು. ಇಬ್ಬರೂ ಸೇರಿ ಅದನ್ನು ಸಂದಿಗೆ ಇಳಿಸಿದೆವು. ನೀರಿನ ಸದ್ದು ಸಣ್ಣದಾಯಿತು, ನಿಂತಿತು. ಮಡುವಿನ ಮೇಲೆ ಬಿಸಿಲು ಬಿದ್ದಿತ್ತು. ಆಚೆಯ ದಡದಲ್ಲಿ ಯಾರೂ ಇರಲಿಲ್ಲ.